ಒಂದು ಸಂಶೋಧನಾ ಪ್ರಬಂಧವನ್ನು ಎಷ್ಟು ಆಳವಾಗಿ ಓದಬೇಕು, ಓದಿದ್ದರಲ್ಲಿ ಏನನ್ನು ಬರೆದಿಟ್ಟುಕೊಳ್ಳಬೇಕು?

ಅಂತರ್ಜಲ ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಕ್ಷೇತ್ರಕಾರ್ಯ ಪಾವಗಡ ತಾಲ್ಲೂಕಿನಲ್ಲಿ. ಕೋರ್ಸ್‌ವರ್ಕ್ ಮುಗಿದು ಏಳು ತಿಂಗಳಾಯಿತು. ಈ ಅವಧಿಯಲ್ಲಿ ಸುಮಾರು 140 ಪ್ರಬಂಧಗಳನ್ನು ಇಳಿಸಿಕೊಂಡಿದ್ದೇನೆ, ಅವುಗಳಲ್ಲಿ 38ನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ್ದೇನೆ, ಎರಡು ದೊಡ್ಡ ನೋಟ್‌ಪುಸ್ತಕಗಳು ತುಂಬಿವೆ. ಒಂದು ಪ್ರಬಂಧಕ್ಕೆ ಸರಾಸರಿ ಎರಡು ದಿನ ಹಿಡಿಯುತ್ತಿದೆ.

ಕಳೆದ ವಾರ ನನ್ನ ಮಾರ್ಗದರ್ಶಕರು ಒಂದು ಪ್ರಬಂಧವನ್ನು ಹೆಸರಿಸಿ, "ಇವರು ನೀರಿನ ಮಾದರಿಗಳನ್ನು ಯಾವ ತಿಂಗಳಲ್ಲಿ ತೆಗೆದರು, ತೆರೆದ ಬಾವಿಯಿಂದಲೋ ಕೊಳವೆಬಾವಿಯಿಂದಲೋ?" ಎಂದು ಕೇಳಿದರು. ಅದೇ ಪ್ರಬಂಧದ ಮೇಲೆ ನಾನು 11 ಪುಟಗಳ ಟಿಪ್ಪಣಿ ಬರೆದಿದ್ದೆ. ಮನೆಗೆ ಬಂದು ಆ 11 ಪುಟಗಳನ್ನೂ ತಿರುವಿದರೆ ಉತ್ತರ ಅಲ್ಲಿರಲಿಲ್ಲ. ಪೀಠಿಕೆಯ ವಾಕ್ಯಗಳು ಇದ್ದವು, ಉಪಸಂಹಾರದ ವಾಕ್ಯಗಳು ಇದ್ದವು, ಬೇರೆ ಲೇಖಕರು ಹೇಳಿದ್ದನ್ನು ಇವರು ಉಲ್ಲೇಖಿಸಿದ ವಾಕ್ಯಗಳೂ ಇದ್ದವು. ಇವರೇ ಮಾಡಿದ ಕೆಲಸದ ವಿವರ ಮಾತ್ರ ಎರಡು ಸಾಲಿನಲ್ಲಿ ಮುಗಿದಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅನುಭವಿಗಳನ್ನು ಕೇಳಿಕೊಳ್ಳುವುದು ಇಷ್ಟು: ಪ್ರತಿ ಪ್ರಬಂಧವನ್ನೂ ಪೂರ್ತಿ ಓದಬೇಕೇ? ಓದದೆ ಬಿಡುವುದಾದರೆ ಯಾವ ಧೈರ್ಯದ ಮೇಲೆ ಬಿಡುವುದು? ಟಿಪ್ಪಣಿಯಲ್ಲಿ ಏನಿದ್ದರೆ ಎರಡು ವರ್ಷದ ನಂತರವೂ ಅದು ಉಪಯೋಗಕ್ಕೆ ಬರುತ್ತದೆ?

ಹೊಂಗೆಮರ:

ನಾನು ರಸಾಯನಶಾಸ್ತ್ರದ ಅಧ್ಯಾಪಕ. ನಿಮ್ಮ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನನ್ನ ವಿದ್ಯಾರ್ಥಿಗಳಲ್ಲಿ ಅತಿ ಶ್ರದ್ಧೆಯುಳ್ಳವರೇ ಈ ಸುಳಿಗೆ ಸಿಕ್ಕಿಕೊಳ್ಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ಕಾಲದಲ್ಲಿ ಗ್ರಂಥಾಲಯದಲ್ಲಿ ಕುಳಿತು, ಪುಟಕ್ಕಿಷ್ಟು ಎಂದು ಕೊಟ್ಟು ಜೆರಾಕ್ಸ್ ಮಾಡಿಸಬೇಕಿದ್ದುದರಿಂದ ಯಾವುದು ಬೇಕು ಎಂಬ ವಿಚಾರ ಮೊದಲೇ ಆಗಿಬಿಡುತ್ತಿತ್ತು. 2025ರ ಜನವರಿಯಿಂದ 'ಒಂದು ರಾಷ್ಟ್ರ, ಒಂದು ಚಂದಾದಾರಿಕೆ' ಯೋಜನೆಯಡಿ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದುಕೊಂಡಿರುವುದು ಬಹಳ ಸಂತೋಷದ ವಿಷಯ. ಆದರೆ ಆಯ್ಕೆಯ ಭಾರ ಈಗ ಪೂರ್ತಿಯಾಗಿ ಓದುವವರ ಮೇಲೆಯೇ ಬಿದ್ದಿದೆ.

ಎಸ್. ಕೇಶವ್ ಎಂಬ ಗಣಕ ವಿಜ್ಞಾನಿ 2007ರಲ್ಲಿ ಪ್ರಬಂಧ ಓದುವುದು ಹೇಗೆಂಬುದರ ಬಗ್ಗೆಯೇ ಒಂದು ಪುಟ್ಟ ಬರಹ ಪ್ರಕಟಿಸಿದರು. ಅದರ ಸಾರವೆಂದರೆ ಮೂರು ಸುತ್ತಿನ ಓದು. ಮೊದಲ ಸುತ್ತಿಗೆ ಐದರಿಂದ ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು, ಉಪಸಂಹಾರ, ಉಲ್ಲೇಖಪಟ್ಟಿಯ ಮೇಲೊಂದು ಕಣ್ಣು. ಎರಡನೆಯದಕ್ಕೆ ಒಂದು ಗಂಟೆಯವರೆಗೆ, ಚಿತ್ರ ಮತ್ತು ನಕ್ಷೆಗಳ ಮೇಲೆ ವಿಶೇಷ ಗಮನ. ಮೂರನೆಯ ಸುತ್ತಿನಲ್ಲಿ, ಲೇಖಕರು ಮಾಡಿದ್ದನ್ನು ನಾವೇ ಮನಸ್ಸಿನಲ್ಲಿ ಮರಳಿ ಮಾಡಿ ನೋಡುವುದು; ಹೊಸಬರಿಗೆ ಇದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ ಎಂದು ಅವರೇ ಹೇಳುತ್ತಾರೆ. ಈ ಕ್ರಮದಲ್ಲಿ ನನಗೆ ಬಹಳ ಹಿಡಿಸಿದ್ದು, ಪ್ರತಿ ಸುತ್ತಿನ ಕೊನೆಯಲ್ಲೂ ನಿಲ್ಲುವ ಹಕ್ಕು ಓದುಗರಿಗೆ ಇದೆಯೆಂಬುದು. ನಿಮ್ಮ 140ರಲ್ಲಿ ನೂರಕ್ಕೆ ಮೊದಲ ಸುತ್ತೇ ಸಾಕು.

ಆದರೆ ನಿಮ್ಮ ವಿಷಯದಲ್ಲಿ ಒಂದು ತಿದ್ದುಪಡಿ ಮಾಡಿಕೊಳ್ಳಿ: ಮೊದಲ ಸುತ್ತಿನಲ್ಲೇ ವಿಧಾನದ ಭಾಗವನ್ನು ನೋಡಿ. ಫ್ಲೋರೈಡನ್ನು ಆ ಅಯಾನನ್ನೇ ಆಯ್ದು ಗುರುತಿಸುವ ಎಲೆಕ್ಟ್ರೋಡಿನಿಂದ ಅಳೆದರೇ, ಸ್ಪ್ಯಾಡ್ನ್ಸ್ ಬಣ್ಣದ ವಿಧಾನದಿಂದ ಅಳೆದರೇ? ಎರಡನೆಯದಾದರೆ ನೀರಿನಲ್ಲಿ ಅಲ್ಯೂಮಿನಿಯಂ ಇದ್ದಾಗ ಅಳತೆ ಏರುಪೇರಾಗುತ್ತದೆ, ಅದಕ್ಕೆ ಅವರು ಏನು ಮಾಡಿದರು? ಇನ್ನು "ಇಷ್ಟು ಬಾವಿಗಳು ಮಿತಿ ಮೀರಿವೆ" ಎಂಬ ವಾಕ್ಯ ಸಾರಾಂಶದಲ್ಲಿ ಬಂದಾಗ, ಯಾವ ಮಿತಿ ಎಂದು ಕೇಳಿಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕ 10500ರಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಎಂಬುದು ಸ್ವೀಕಾರಾರ್ಹ ಮಿತಿ, ಬೇರೆ ನೀರಿನ ಮೂಲ ಇಲ್ಲದಿದ್ದಾಗ 1.5ರವರೆಗೆ ಅವಕಾಶ; ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 1.5. ಒಂದೇ ಊರಿನ ಅವೇ ಬಾವಿಗಳು ಒಂದು ಪ್ರಬಂಧದಲ್ಲಿ ಸುರಕ್ಷಿತವಾಗಿಯೂ ಇನ್ನೊಂದರಲ್ಲಿ ಅಪಾಯಕಾರಿಯಾಗಿಯೂ ಕಾಣಿಸಲು ಈ ಅರ್ಧ ಮಿಲಿಗ್ರಾಂ ಸಾಕು.

ಊರಾಚೆ ಕೆರೆ:

ಹೊಂಗೆಮರ ಅವರು ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಅಪಾಯವಿದೆ. ನಾನು ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಕೆಲಸ ಮಾಡುವವಳಾದ್ದರಿಂದ ನಮ್ಮ ಕ್ಷೇತ್ರದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

1980ರ ಜನವರಿಯಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಒಂದು ಪತ್ರ ಅಚ್ಚಾಯಿತು. ಬರೆದವರು ಪೋರ್ಟರ್ ಮತ್ತು ಜಿಕ್. ಇಡೀ ಪತ್ರ ಐದೇ ವಾಕ್ಯ. ಆಸ್ಪತ್ರೆಗೆ ದಾಖಲಾದ ರೋಗಿಗಳ ಕಡತಗಳನ್ನು ನೋಡಿದಾಗ, ಅಫೀಮು ವರ್ಗದ ನೋವುನಿವಾರಕವನ್ನು ಒಮ್ಮೆಯಾದರೂ ಪಡೆದ 11,882 ಮಂದಿಯಲ್ಲಿ, ಹಿಂದೆ ವ್ಯಸನದ ಇತಿಹಾಸವಿಲ್ಲದವರ ಪೈಕಿ ನಾಲ್ವರಲ್ಲಿ ಮಾತ್ರ ವ್ಯಸನ ದಾಖಲಾಗಿತ್ತು ಎಂಬುದು ಅದರ ತಿರುಳು. ಎಷ್ಟು ಪ್ರಮಾಣದ ಔಷಧ, ಎಷ್ಟು ದಿನ ಕೊಟ್ಟದ್ದು, ಮನೆಗೆ ಹೋದ ಮೇಲೆ ಅವರಿಗೆ ಏನಾಯಿತು ಎಂಬ ಯಾವ ಮಾತೂ ಆ ಪತ್ರದಲ್ಲಿಲ್ಲ. ಅಂಥ ವಿವರ ಕೊಡುತ್ತೇವೆಂದು ಲೇಖಕರು ಹೇಳಿಕೊಂಡೂ ಇರಲಿಲ್ಲ.

2017ರಲ್ಲಿ ಅದೇ ಪತ್ರಿಕೆ, ಆ ಪತ್ರವನ್ನು ಯಾರು ಯಾರು ಹೇಗೆ ಉಲ್ಲೇಖಿಸಿದರೆಂಬ ಪರಿಶೀಲನೆಯೊಂದನ್ನು ಪ್ರಕಟಿಸಿತು. ಒಟ್ಟು 608 ಉಲ್ಲೇಖಗಳು. ಅವುಗಳಲ್ಲಿ 439, ಅಂದರೆ ಶೇಕಡಾ 72ಕ್ಕೂ ಹೆಚ್ಚು, ಈ ಔಷಧಗಳಿಂದ ವ್ಯಸನ ವಿರಳವೆಂಬುದಕ್ಕೆ ಅದನ್ನು ಪುರಾವೆಯಾಗಿ ಬಳಸಿದ್ದವು. ಆ ರೋಗಿಗಳು ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರು ಎಂಬ ಮಾತನ್ನೇ 491 ಉಲ್ಲೇಖಗಳು ಬಿಟ್ಟುಬಿಟ್ಟಿದ್ದವು. ತಿಂಗಳುಗಟ್ಟಲೆ ಮನೆಯಲ್ಲಿ ಮಾತ್ರೆ ನುಂಗುವ ಬೆನ್ನುನೋವಿನ ರೋಗಿಗೂ ವಾರ್ಡಿನಲ್ಲಿ ದಾದಿಯ ಕಣ್ಣೆದುರು ಚುಚ್ಚುಮದ್ದು ಪಡೆಯುವವನಿಗೂ ಇರುವ ಅಂತರ ಅಳಿಸಿಹೋಯಿತು. ಈ ಔಷಧಗಳ ವ್ಯಸನ ಹಬ್ಬಿ ಆ ದೇಶದಲ್ಲಿ ಮುಂದೆ ನಡೆದ ದುರಂತಕ್ಕೆ ಕಾರಣಗಳು ಹಲವು. ಆದರೆ ವೈದ್ಯರಿಗೆ ಧೈರ್ಯ ತುಂಬಲು ಈ ಐದು ವಾಕ್ಯಗಳು ಬಳಕೆಯಾದವು ಎಂಬುದನ್ನು ಆ ಪರಿಶೀಲನೆ ಸ್ಪಷ್ಟವಾಗಿ ಹೇಳುತ್ತದೆ.

ಓದುವುದಕ್ಕೆ ಒಂದು ನಿಮಿಷವೂ ಬೇಡದ ಪತ್ರ ಅದು. ಆದ್ದರಿಂದ ಓದಿನ ಆಳವೆಂದರೆ ಎಷ್ಟು ಗಂಟೆ ಕುಳಿತೆವು, ಎಷ್ಟು ಪುಟ ಬರೆದೆವು ಎಂಬುದಲ್ಲ. ಇಂಥದೇ ಪ್ರಬಂಧಕ್ಕೆ ನನ್ನ ಟಿಪ್ಪಣಿ ಹೀಗಿರುತ್ತದೆ, ನೋಡಿ:

"ಪೋರ್ಟರ್–ಜಿಕ್, 1980. ಸಂಪಾದಕರಿಗೆ ಪತ್ರ, ಅಧ್ಯಯನ ಪ್ರಬಂಧವಲ್ಲ. ಯಾರನ್ನು ನೋಡಿದರು: ಆಸ್ಪತ್ರೆಯಲ್ಲಿ ದಾಖಲಾದವರನ್ನು ಮಾತ್ರ. ಎಷ್ಟು ಜನ: ಔಷಧ ಪಡೆದ 11,882 ಮಂದಿ. ಹೇಗೆ: ಕಡತ ನೋಡಿ ಎಣಿಕೆ. ಕಂಡದ್ದು: 4 ವ್ಯಸನ ಪ್ರಕರಣ. ಹೇಳದೆ ಬಿಟ್ಟದ್ದು: ಪ್ರಮಾಣ, ಅವಧಿ, ಬಿಡುಗಡೆಯ ನಂತರದ ಸ್ಥಿತಿ. ನಾನು ಇದನ್ನು ಬಳಸಬಹುದಾದ್ದು: ಆಸ್ಪತ್ರೆಯೊಳಗಿನ ಅಲ್ಪಾವಧಿ ಬಳಕೆಯ ಬಗ್ಗೆ, ಅದೂ ಎಚ್ಚರದಿಂದ. ಬಳಸಬಾರದ್ದು: ದೀರ್ಘಕಾಲದ ನೋವಿನ ಚಿಕಿತ್ಸೆಯ ಬಗ್ಗೆ."

ಇಷ್ಟೇ. ಕೊನೆಯ ಎರಡು ಅಂಶಗಳಿಲ್ಲದ ಟಿಪ್ಪಣಿಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಕೋಡುಗಲ್ಲು:

ನಾನು ಯಂತ್ರಕಲಿಕೆಯ ಕ್ಷೇತ್ರದಲ್ಲಿದ್ದೇನೆ, ವಿಶ್ವವಿದ್ಯಾಲಯದಲ್ಲಲ್ಲ, ಕಂಪನಿಯಲ್ಲಿ. ಇಲ್ಲಿ ಬಂದ ಸಲಹೆಗಳೆಲ್ಲ ಒಳ್ಳೆಯವೇ ಆದರೂ ನಮ್ಮಲ್ಲಿ ಟಿಪ್ಪಣಿಯ ಆಯಸ್ಸು ಬಹಳ ಕಡಿಮೆ. 1991ರಲ್ಲಿ ಭೌತಶಾಸ್ತ್ರಜ್ಞರಿಗಾಗಿ ಆರಂಭವಾದ ಆರ್ಕೈವ್ (arXiv) ಎಂಬ ಅಂತರ್ಜಾಲದ ಪ್ರಬಂಧ ಭಂಡಾರಕ್ಕೆ ಇಂದು ನಮ್ಮ ವಿಷಯದ ಹೊಸ ಪ್ರಬಂಧಗಳು ದಿನವೂ ರಾಶಿಯಾಗಿ ಬಂದು ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ಯಾರ ಪರಿಶೀಲನೆಗೂ ಒಳಗಾಗದವು, ಮತ್ತು ಒಂದೇ ಪ್ರಬಂಧಕ್ಕೆ ಮೂರು ನಾಲ್ಕು ಆವೃತ್ತಿಗಳಿರುತ್ತವೆ. ಮೊದಲ ಆವೃತ್ತಿಯ ಅಂಕಿಯನ್ನು ಬರೆದುಕೊಂಡು, ಮೂರನೆಯ ಆವೃತ್ತಿಯಲ್ಲಿ ಲೇಖಕರೇ ಅದನ್ನು ತಿದ್ದಿದ್ದು ತಿಳಿಯದೆ ಸಭೆಯಲ್ಲಿ ಮಾತನಾಡಿ ನಾನು ತಲೆತಗ್ಗಿಸಿದ್ದೇನೆ. ಅಂದಿನಿಂದ ಆವೃತ್ತಿಯ ಸಂಖ್ಯೆ ಮತ್ತು ನಾನು ಓದಿದ ದಿನಾಂಕ ಎರಡನ್ನೂ ತಪ್ಪದೆ ಬರೆಯುತ್ತೇನೆ.

ಒಂದು ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಮೂರನೆಯ ಸುತ್ತನ್ನು ಮನಸ್ಸಿನಲ್ಲಿ ಮಾಡಿದರೆ ಸಾಲದು, ಕೈಯಲ್ಲಿ ಮಾಡಬೇಕು. ಲೇಖಕರ ಪ್ರೋಗ್ರಾಂ ಮತ್ತು ದತ್ತಾಂಶ ಸಿಕ್ಕರೆ ಅದನ್ನು ಓಡಿಸಿ ಒಂದು ಕೋಷ್ಟಕವನ್ನಾದರೂ ಮರಳಿ ಪಡೆಯಲು ಯತ್ನಿಸಿದಾಗ ತಿಳಿಯುವಷ್ಟು, ನಾಲ್ಕು ಬಾರಿ ಓದಿದರೂ ತಿಳಿಯುವುದಿಲ್ಲ. ಅಂತರ್ಜಲದ ಪ್ರಬಂಧಗಳಲ್ಲೂ ಕೋಷ್ಟಕಗಳಿರುತ್ತವಲ್ಲವೇ? ಲೇಖಕರು ಕೊಟ್ಟ ಬಾವಿವಾರು ಅಂಕಿಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಅವರು ಹೇಳಿದ ಸರಾಸರಿ ನಿಮಗೂ ಬರುತ್ತದೆಯೇ ಎಂದು ನೋಡಿ. ಅರ್ಧ ಗಂಟೆಯ ಕೆಲಸ.

ಹೊಂಗೆಮರ:

ಕೋಡುಗಲ್ಲು ಅವರ ಮಾತು ನಮ್ಮ ವಿಷಯಕ್ಕೆ ಇನ್ನಷ್ಟು ಒಪ್ಪುತ್ತದೆ. ನೀರಿನ ವಿಶ್ಲೇಷಣೆಯಲ್ಲಿ ಧನ ಅಯಾನುಗಳ ಮೊತ್ತವೂ ಋಣ ಅಯಾನುಗಳ ಮೊತ್ತವೂ ಹೆಚ್ಚುಕಡಿಮೆ ಸಮವಾಗಿರಬೇಕು. ಕೋಷ್ಟಕದ ಅಂಕಿಗಳನ್ನು ಮಿಲಿ ಈಕ್ವಿವಲೆಂಟಿಗೆ (ಅಯಾನುಗಳ ವಿದ್ಯುದಾವೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಏಕಮಾನಕ್ಕೆ) ಪರಿವರ್ತಿಸಿ ಕೂಡಿ ನೋಡಿದರೆ, ಆ ಪ್ರಯೋಗಾಲಯದ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಲೇಖಕರ ಒಂದು ಮಾತನ್ನೂ ಕೇಳದೆ ತಿಳಿಯುತ್ತದೆ. ಅಂತರ ಶೇಕಡಾ ಐದರ ಆಸುಪಾಸಿನೊಳಗೆ ಇರಬೇಕೆಂಬುದು ವಾಡಿಕೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಶಿಲಾಪಾಠ:

ಇದುವರೆಗಿನ ಮಾತುಗಳೆಲ್ಲ ವಿಜ್ಞಾನದವರದಾದ್ದರಿಂದ ಶಾಸನ ಮತ್ತು ಇತಿಹಾಸ ಓದುವವನೊಬ್ಬನ ಅನುಭವವನ್ನೂ ಸೇರಿಸುತ್ತೇನೆ. ನಮ್ಮಲ್ಲಿ ವಿಧಾನ, ಫಲಿತಾಂಶ ಎಂಬ ಕಂಬಗಳಿರುವುದಿಲ್ಲ. ವಾದ ಪ್ರಬಂಧದ ಮಧ್ಯದಲ್ಲಿ, ಕೆಲವೊಮ್ಮೆ ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ; ಆದ್ದರಿಂದ ಹತ್ತು ನಿಮಿಷದ ಓದು ನಮಗೆ ದಕ್ಕುವುದಿಲ್ಲ.

ಆದರೂ ನಮ್ಮ ಗುರುಗಳು ಕಲಿಸಿದ ಒಂದು ಶಿಸ್ತು ಎಲ್ಲರಿಗೂ ಉಪಯೋಗವಾದೀತು. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಈ ಶಾಸನದಲ್ಲಿ ಇರುವುದು 16 ಸಾಲು. ಆ 16 ಸಾಲುಗಳ ಮೇಲೆ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ, ಕಾಲ ಕ್ರಿ.ಶ. 450 ಎಂಬುದನ್ನೂ ಎಲ್ಲರೂ ಒಪ್ಪಿಲ್ಲ. ಇಂಥ ಶಾಸನದ ಬಗ್ಗೆ ಬರೆಯುವಾಗ ಮೂರು ಪದರಗಳನ್ನು ಬೇರೆ ಬೇರೆ ಇಡಬೇಕು: ಕಲ್ಲಿನ ಮೇಲೆ ಇರುವ ಅಕ್ಷರ, ಸವೆದ ಕಡೆ ಸಂಪಾದಕರು ತುಂಬಿಕೊಂಡ ಅಕ್ಷರ, ಮತ್ತು ಇವೆರಡರ ಮೇಲೆ ಕಟ್ಟಿದ ಅರ್ಥ. ಸಂಪಾದಕರು ತಾವು ತುಂಬಿದ ಅಕ್ಷರವನ್ನು ಕಂಸದಲ್ಲಿ ಇಡುತ್ತಾರೆ. ಅದನ್ನು ನಕಲು ಮಾಡುವವರು ಕಂಸವನ್ನು ಬಿಟ್ಟುಬಿಟ್ಟರೆ, ಊಹೆಯೇ ಮುಂದಿನ ಪೀಳಿಗೆಗೆ ಕಲ್ಲಿನ ಮೇಲಿನ ಅಕ್ಷರವಾಗಿಬಿಡುತ್ತದೆ. ಊರಾಚೆ ಕೆರೆ ಅವರು ಹೇಳಿದ ಐದು ವಾಕ್ಯದ ಪತ್ರಕ್ಕೆ ಆದದ್ದೂ ಇದೇ ಅಲ್ಲವೇ?

ನಾನು ಈ ಕೆಲಸಕ್ಕೆ ಕನ್ನಡದ್ದೇ ಒಂದು ಉಪಾಯ ಬಳಸುತ್ತೇನೆ. ಲೇಖಕರು ತಾವೇ ನೋಡಿ, ಅಳೆದು, ಓದಿ ಹೇಳಿದ ಸಂಗತಿಯನ್ನು ನೇರ ಕ್ರಿಯಾಪದದಲ್ಲಿ ಬರೆಯುತ್ತೇನೆ: "ಓದಿದರು", "ಅಳೆದರು", "ಎಣಿಸಿದರು". ಅವರು ಬೇರೊಬ್ಬರಿಂದ ತೆಗೆದುಕೊಂಡ ಸಂಗತಿಯನ್ನು "ಅಂತೆ" ಸೇರಿಸಿ ಬರೆಯುತ್ತೇನೆ: "ಇದು ಕದಂಬರ ಕಾಲದ್ದಂತೆ". ನಮ್ಮ ಭಾಷೆಯಲ್ಲಿ ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಮಾಡಲು ಎರಡಕ್ಷರದ ಪ್ರತ್ಯಯ ಸಾಕು. ಟಿಪ್ಪಣಿಯಲ್ಲಿ "ಅಂತೆ" ಕಂಡಲ್ಲೆಲ್ಲ ಮೂಲವನ್ನು ಹುಡುಕಿಕೊಂಡು ಹೋಗಬೇಕೆಂಬ ಸೂಚನೆ ತಾನಾಗಿ ಸಿಗುತ್ತದೆ.

ಅಂತರ್ಜಲ ಓದುಗಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಶಿಲಾಪಾಠ ಸರ್, ಒಂದು ಸಂದೇಹ. ನಾನು ಓದುವುದೆಲ್ಲ ಇಂಗ್ಲಿಷಿನಲ್ಲಿ, ಮಹಾಪ್ರಬಂಧ ಬರೆಯಬೇಕಾದದ್ದೂ ಇಂಗ್ಲಿಷಿನಲ್ಲಿ. ಮಧ್ಯದಲ್ಲಿ ಟಿಪ್ಪಣಿ ಮಾತ್ರ ಕನ್ನಡದಲ್ಲಿ ಇದ್ದರೆ ಎರಡು ಸಲ ಅನುವಾದದ ಶ್ರಮವಾಗುವುದಿಲ್ಲವೇ?

ಕೋಡುಗಲ್ಲು:

ಆಗುತ್ತದೆ ಎಂದೇ ನನ್ನ ಅನಿಸಿಕೆ. ನನ್ನ ಟಿಪ್ಪಣಿಗಳನ್ನು ಚೆನ್ನೈ ಮತ್ತು ಪುಣೆಯ ಸಹೋದ್ಯೋಗಿಗಳೂ ಓದಬೇಕಾಗಿರುವುದರಿಂದ ನನಗೆ ಕನ್ನಡದಲ್ಲಿ ಬರೆಯುವ ಅವಕಾಶವೇ ಇಲ್ಲ.

ಶಿಲಾಪಾಠ:

ಹಂಚಿಕೊಳ್ಳುವ ಟಿಪ್ಪಣಿಯಾದರೆ ಅವರ ಮಾತು ಸರಿ. ತನಗಾಗಿ ಬರೆದುಕೊಳ್ಳುವ ಟಿಪ್ಪಣಿಯ ಬಗ್ಗೆ ನನ್ನ ನಿಲುವು ಬೇರೆ. ಇಂಗ್ಲಿಷಿನ ವಾಕ್ಯವನ್ನು ಇಂಗ್ಲಿಷಿನಲ್ಲೇ ಬರೆದುಕೊಳ್ಳುವಾಗ ಅರ್ಥವಾಗದಿದ್ದರೂ ಕೈ ಓಡುತ್ತದೆ. ಕನ್ನಡದಲ್ಲಿ ಬರೆಯಹೊರಟಾಗ ಅರ್ಥವಾಗದ ಕಡೆ ಪೆನ್ನು ನಿಲ್ಲುತ್ತದೆ. ಪರಿಭಾಷೆಯನ್ನೆಲ್ಲ ಕನ್ನಡಿಸಬೇಕೆಂದು ನಾನು ಹೇಳುತ್ತಿಲ್ಲ. ಪದಗಳು ಇಂಗ್ಲಿಷಿನವೇ ಇರಲಿ, ವಾಕ್ಯ ನಿಮ್ಮದಾಗಿರಲಿ.

ಒಂದು ಉದಾಹರಣೆ ಕೊಡುತ್ತೇನೆ, ತಪ್ಪಿದ್ದರೆ ಹೊಂಗೆಮರ ಅವರು ತಿದ್ದಲಿ. ನಿಮ್ಮ ಪ್ರಬಂಧಗಳಲ್ಲಿ ಫ್ಲೋರೈಡಿಗೂ ಸೋಡಿಯಂಗೂ "ಸಂಬಂಧ ಕಂಡುಬಂತು" ಎಂಬರ್ಥದ ಇಂಗ್ಲಿಷ್ ವಾಕ್ಯ ಇರುತ್ತದೆ. ಅದನ್ನು ಕನ್ನಡದಲ್ಲಿ ಬರೆಯುವಾಗ ನೀವು ಒಂದನ್ನು ಆರಿಸಲೇಬೇಕು: "ಸೋಡಿಯಂ ಹೆಚ್ಚಿದ್ದರಿಂದ ಫ್ಲೋರೈಡ್ ಹೆಚ್ಚಿತು" ಎಂದು ಬರೆಯುತ್ತೀರೋ, "ಸೋಡಿಯಂ ಹೆಚ್ಚಿದ್ದಲ್ಲಿ ಫ್ಲೋರೈಡೂ ಹೆಚ್ಚಿತ್ತು" ಎಂದು ಬರೆಯುತ್ತೀರೋ? "ಇಂದ" ಮತ್ತು "ಅಲ್ಲಿ" ಇವೆರಡರ ನಡುವೆ ಇರುವುದೇ ಕಾರಣಕ್ಕೂ ಸಹವಾಸಕ್ಕೂ ಇರುವ ಅಂತರ. ಆ ವಿಭಕ್ತಿಯನ್ನು ಆರಿಸುವ ಮೊದಲು ಪ್ರಬಂಧವನ್ನು ಮತ್ತೊಮ್ಮೆ ತೆರೆದು ನೋಡಲೇಬೇಕಾಗುತ್ತದೆ.

ಹೊಂಗೆಮರ:

ತಿದ್ದುವುದಕ್ಕೇನೂ ಇಲ್ಲ, ಸರಿಯಾಗಿಯೇ ಇದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿದು ಪ್ರಮಾಣಕ್ಕೆ ಮಿತಿ ಬೀಳುತ್ತದೆ, ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಆ ಮಿತಿ ಸಡಿಲವಾಗುತ್ತದೆ. ಆದ್ದರಿಂದ ಸೋಡಿಯಂ ಜೊತೆಗಾರ, ಮೂಲವಲ್ಲ. "ಅಲ್ಲಿ" ಎಂದೇ ಬರೆಯಬೇಕು.

ಕನ್ನಡದ ಟಿಪ್ಪಣಿಗೆ ನಾನು ಇನ್ನೊಂದು ಕಾರಣ ಸೇರಿಸುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಹಾಗೇ ಇಳಿಸಿಕೊಂಡ ನೋಟ್‌ಪುಸ್ತಕವನ್ನು ಎರಡು ವರ್ಷದ ನಂತರ ತೆರೆದಾಗ ಯಾವುದು ನಮ್ಮ ವಾಕ್ಯ, ಯಾವುದು ಲೇಖಕರದು ಎಂದು ತಿಳಿಯುವುದಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದಕ್ಕಿಂತ ಮೇಲೆ ಹಂತ ಹಂತವಾಗಿ ಕ್ರಮವಿದೆ. ಪ್ರಾಮಾಣಿಕ ವಿದ್ಯಾರ್ಥಿಯೊಬ್ಬರು ತಮ್ಮದೇ ಹಳೆಯ ಟಿಪ್ಪಣಿಯಿಂದ ಬರೆದು ಆ ಬಲೆಗೆ ಬಿದ್ದು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತಿಗೆ ಮಾತು ಇಳಿಸಿಕೊಳ್ಳಲೇಬೇಕಾದಾಗ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಎರಡೂ ಅಲ್ಲೇ, ಆಗಲೇ ಬೀಳಬೇಕು.

ಗುಡ್ಡದ ದಾರಿ:

ತಂತ್ರಾಂಶದ ಬಗ್ಗೆ ಯಾರೂ ಹೇಳದಿರುವುದರಿಂದ ಎರಡೇ ಮಾತು. ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ಜೋಡಿಸಿಡುವ ಜೊಟೆರೊ ಉಚಿತ, ಅದರಲ್ಲಿ ಕನ್ನಡ ಟಿಪ್ಪಣಿ ಸರಿಯಾಗಿ ಕೂರುತ್ತದೆ, ಹುಡುಕಿದರೆ ಸಿಗುತ್ತದೆ. ಯಾವ ಪ್ರಬಂಧವನ್ನಾದರೂ ಪ್ರಕಾಶಕರು ಹಿಂದೆಗೆದುಕೊಂಡಿದ್ದರೆ ಅದು ಎಚ್ಚರಿಕೆಯನ್ನೂ ತೋರಿಸುತ್ತದೆ. ಇನ್ನು, ಕೃತಕ ಬುದ್ಧಿಮತ್ತೆಯಿಂದ ಪ್ರಬಂಧದ ಸಾರಾಂಶ ಮಾಡಿಸಿಕೊಳ್ಳುವುದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯವೇನು?

ಊರಾಚೆ ಕೆರೆ:

ಮೊದಲ ಸುತ್ತಿನಲ್ಲಿ, ಓದಬೇಕೇ ಬೇಡವೇ ಎಂದು ನಿರ್ಧರಿಸಲು ಬಳಸಿದರೆ ನನ್ನ ಆಕ್ಷೇಪವಿಲ್ಲ. ಉಲ್ಲೇಖಿಸುವ ಪ್ರಬಂಧಕ್ಕೆ ಅದು ಸಾಲದು. "ಆಸ್ಪತ್ರೆಗೆ ದಾಖಲಾದ" ಎಂಬ ವಿಶೇಷಣವೊಂದನ್ನು ನೂರಾರು ವಿದ್ಯಾವಂತರೇ ಬಿಟ್ಟುಬಿಟ್ಟರು. ಸಂಕ್ಷೇಪಿಸುವಾಗ ಯಾರ ಕೈಯಲ್ಲಾದರೂ ಮೊದಲು ಉದುರುವುದು ವಿಶೇಷಣವೇ. ನನ್ನ ಲೆಕ್ಕ ಸರಳ: ನನ್ನ ವಾದದ ಭಾರ ಯಾವ ಪ್ರಬಂಧದ ಮೇಲೆ ಕೂರುತ್ತದೆಯೋ ಅದನ್ನು ನಾನೇ ಪೂರ್ತಿ ಓದಬೇಕು, ಅದು ತಪ್ಪೆಂದಾದರೂ ನನ್ನ ಅಧ್ಯಾಯ ನಿಲ್ಲುವುದಾದರೆ ಹತ್ತು ನಿಮಿಷ ಸಾಕು.

ಇನ್ನೊಂದು ಮಾತು ಉಳಿದಿತ್ತು. ಡಾರ್ವಿನ್ ತಮ್ಮ ಆತ್ಮಕಥನದಲ್ಲಿ, ತಮ್ಮ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡೊಡನೆ ತಪ್ಪದೆ ಬರೆದಿಟ್ಟುಕೊಳ್ಳುತ್ತಿದ್ದೆನೆಂದೂ, ಅನುಕೂಲವಾದ ಸಂಗತಿಗಿಂತ ಅಂಥವು ನೆನಪಿನಿಂದ ಬೇಗ ಜಾರುತ್ತವೆಂದೂ ಹೇಳಿಕೊಂಡಿದ್ದಾರೆ. ನನ್ನ ಟಿಪ್ಪಣಿಯಲ್ಲಿ ಅದಕ್ಕೆಂದೇ ಕೆಂಪು ಶಾಯಿ ಇಟ್ಟಿದ್ದೇನೆ.

ಅಂತರ್ಜಲ ಓದುಗಿ:

ಮೂರು ವಾರದ ನಂತರ ಮತ್ತೆ ಬರೆಯುತ್ತಿದ್ದೇನೆ. ಹೊಸ ಪ್ರಬಂಧ ಓದುವುದನ್ನು ನಿಲ್ಲಿಸಿ, ಓದಿದ್ದ 38ನ್ನೇ ಮತ್ತೆ ತೆಗೆದೆ. ಪ್ರತಿಯೊಂದಕ್ಕೂ ಅರ್ಧ ಪುಟದ ಕನ್ನಡ ಟಿಪ್ಪಣಿ: ಯಾವ ಊರು, ಯಾವ ತಿಂಗಳು, ತೆರೆದ ಬಾವಿಯೋ ಕೊಳವೆಬಾವಿಯೋ, ಎಷ್ಟು ಆಳ, ಯಾವ ವಿಧಾನ, ಯಾವ ಮಿತಿ, ನಾನು ಬಳಸಬಹುದಾದ್ದು, ಬಳಸಬಾರದ್ದು. ಕೋಷ್ಟಕವಿದ್ದ ಕಡೆ ಅಯಾನುಗಳ ಮೊತ್ತವನ್ನೂ ಕೂಡಿ ನೋಡಿದೆ.

ನನ್ನ ಹಳೆಯ ನೋಟ್‌ಪುಸ್ತಕಗಳಲ್ಲಿ ಶಿಲಾಪಾಠ ಸರ್ ಹೇಳಿದಂತೆ "ಅಂತೆ" ಗುರುತು ಹಾಕುತ್ತ ಹೋದೆ. ಪುಟಕ್ಕೆ ಪುಟವೇ "ಅಂತೆ" ಆಯಿತು. "ಬೇಸಿಗೆಯಲ್ಲಿ ಫ್ಲೋರೈಡ್ ಹೆಚ್ಚು" ಎಂಬ ಒಂದು ವಾಕ್ಯವನ್ನು ನಾನು ಒಂಬತ್ತು ಪ್ರಬಂಧಗಳಿಂದ ಒಂಬತ್ತು ಸಲ ಬರೆದುಕೊಂಡಿದ್ದೆ, ಒಂಬತ್ತು ಪುರಾವೆಗಳಿವೆಯೆಂದು ನಂಬಿದ್ದೆ. ಮೂಲವನ್ನು ಹಿಡಿದು ಹೋದಾಗ, ಅವುಗಳಲ್ಲಿ ಮುಂಗಾರಿಗೆ ಮೊದಲು ಮತ್ತು ನಂತರ ಎರಡೂ ಸಲ ಅಳೆದವರು ಇಬ್ಬರೇ. ಆ ಇಬ್ಬರ ಫಲಿತಾಂಶಗಳೂ ಒಂದೇ ರೀತಿ ಇಲ್ಲ. ಒಬ್ಬರ ಕೆಲವು ಬಾವಿಗಳಲ್ಲಿ ಮಳೆಯ ನಂತರವೇ ಹೆಚ್ಚಾಗಿತ್ತು. ಉಳಿದ ಏಳು ಮಂದಿ ಒಂದೇ ಋತುವಿನಲ್ಲಿ ಮಾದರಿ ತೆಗೆದು, ಆ ವಾಕ್ಯವನ್ನು ಒಬ್ಬರಿಂದೊಬ್ಬರು ಪಡೆದಿದ್ದರು.

ನಿನ್ನೆ ಇದನ್ನು ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಕೋಷ್ಟಕ ನೋಡಿ, ನನ್ನ ಕ್ಷೇತ್ರಕಾರ್ಯದ ಯೋಜನೆಯಲ್ಲಿ ಮೇ ತಿಂಗಳ ಪಕ್ಕದಲ್ಲಿ ನವೆಂಬರನ್ನೂ ಸೇರಿಸಿ ಬರೆದರು. ಬಾವಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಅದೇ ಬಾವಿಗಳಿಂದ ಎರಡು ಸಲ ನೀರು ತೆಗೆಯುವುದೆಂದು ತೀರ್ಮಾನವಾಗಿದೆ. ಶಿಲಾಪಾಠ ಸರ್, ನಿಮ್ಮ "ಅಂತೆ" ಉಪಾಯವನ್ನು ನಮ್ಮ ಪ್ರಯೋಗಾಲಯದ ಇನ್ನಿಬ್ಬರು ವಿದ್ಯಾರ್ಥಿಗಳೂ ಬಳಸಲು ಆರಂಭಿಸಿದ್ದಾರೆ.